ಕೈ ಮುಚ್ಚಿತ್ತೋ, ತೆರೆದಿತ್ತೋ

ಅರಿಶಿಣಕ್ಕೆ ಸುಣ್ಣ ಕಲೆಸಿ ಬಿಸಿ ಮಾಡಿದರೆ ಒಂದು ವಾಸನೆ ಬರುತ್ತದೆ. ಬಾವು ಇಳಿಯಲಿ ಅಂತ ನಮ್ಮ ಕಡೆ ಮನೆಮನೆಯಲ್ಲೂ ಹಚ್ಚುತ್ತಾರೆ. ಮೊನ್ನೆ ಹುಕ್ಕೇರಿಯ ದವಾಖಾನೆಯಲ್ಲಿ ನನ್ನ ಡ್ಯೂಟಿ ಶುರುವಾಗಿ ಅರ್ಧ ತಾಸೂ ಆಗಿರಲಿಲ್ಲ, ಒಬ್ಬ ಹೆಣ್ಣುಮಗಳು ಮೈತುಂಬ ಸೆರಗು ಹೊದ್ದುಕೊಂಡು ಬಂದು ಬೆಂಚಿನ ಮೇಲೆ ಕೂತಳು. ಅವಳಿಗಿಂತ ಮೊದಲೇ ಆ ವಾಸನೆ ನನ್ನ ಹತ್ತಿರ ಬಂದಿತ್ತು. ಏನಾತವಾ ಅಂತ ಕೇಳಿದೆ.

"ಬಚ್ಚಲದಾಗ ಜಾರಿ ಬಿದ್ದೇನ್ರಿ ಸಿಸ್ಟರ್," ಅಂದಳು.

ಈ ಸೀಮೆಯ ಬಚ್ಚಲುಗಳ ಮೇಲೆ ನನಗಿರುವಷ್ಟು ಸಿಟ್ಟು ಬೇರೆ ಯಾರಿಗೂ ಇರಲಿಕ್ಕಿಲ್ಲ. ನರ್ಸ್ ಆಗಿ ಗೋಕಾಕದಲ್ಲಿ ಕೆಲಸ ಮಾಡಿದೆ, ಮೂಡಲಗಿಯಲ್ಲಿ ಮಾಡಿದೆ, ಈಗ ಹುಕ್ಕೇರಿ. ಎಲ್ಲಾ ಕಡೆ ಬಚ್ಚಲದಲ್ಲಿ ಹೆಂಗಸರೇ ಜಾರುತ್ತಾರೆ. ಗಂಡಸರು ಒಬ್ಬರೂ ಜಾರುವುದಿಲ್ಲ. ಅವರೇನು ಸ್ನಾನ ಮಾಡುವುದಿಲ್ಲವೋ ಏನೋ! ಪೆನ್ನು ಕೈಗೆ ತೆಗೆದುಕೊಂಡೆ. ಬರೆಯಲು ಕೈ ಏಳಲಿಲ್ಲ. ನಮ್ಮ ಇಂಗ್ಲಿಷ್ ಟೀಚರು ನೆನಪಾಗಿದ್ದರು...

ನಮ್ಮ ಊರು ಮೂಡಲಗಿಗೆ ಹತ್ತಿರ. ಟೀಚರು ಗೋಕಾಕದಿಂದ ಬರುತ್ತಿದ್ದರು. ಮುಂಜಾನೆಯ ಬಸ್ಸು ತುಂಬ ಅರಭಾವಿ ಕಾಲೇಜಿನ ಹುಡುಗರು. ಅವರ ನಡುವೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತೇ ಬರುತ್ತಿದ್ದರಂತೆ. ಎತ್ತರದ ಆಳಲ್ಲ. ದನಿಯೂ ದೊಡ್ಡದಲ್ಲ. ನಾವು ಮಾತಾಡುವಾಗ ಮುಖವನ್ನು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಮುಂದೆ ಮಾಡಿ ಕೇಳುತ್ತಿದ್ದರು. ಅದು ಅವರ ಸ್ಟೈಲು ಅಂತ ನಾವು ಹುಡುಗಿಯರು ಹಾಗೇ ಕತ್ತು ತಿರುಗಿಸಿ ನಕಲು ಮಾಡಿ ನಗುತ್ತಿದ್ದೆವು. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಸಾಲಿಯಲ್ಲಿ ಎಲ್ಲ ಮಾಸ್ತರರ ಕೈಯಲ್ಲೂ ಛಡಿ ಇತ್ತು. ಇವರ ಕೈಯಲ್ಲಿ ಇರಲಿಲ್ಲ. ಒಂದೂವರೆ ವರ್ಷ ನಮಗೆ ಪಾಠ ಹೇಳಿದರು, ಒಬ್ಬರ ಮೈಮೇಲೂ ಕೈ ಎತ್ತಲಿಲ್ಲ. ಆದರೆ ನೋಡ್ರಿ, ಏಟಿನ ವಿಷಯ ಅವರಷ್ಟು ಯಾರೂ ಹೇಳಿಕೊಡಲಿಲ್ಲ.

ಅದು ಶುರುವಾದದ್ದು ಒಂದು ಶನಿವಾರ. ನಾನು ಆಗ ಒಂಬತ್ತನೇ ಇಯತ್ತೆ. ಪಾಠದಲ್ಲಿ 'ಬ್ಲೋ' ಅಂತ ಒಂದು ಶಬ್ದ ಬಂತು. ಅರ್ಥ ಕೇಳಿದರು. ಹೊಡೆತ ಅಂದೆವು. ಮುಂದಿನ ಸಾಲಿನಲ್ಲಿ 'ಸ್ಲ್ಯಾಪ್' ಬಂತು. ಅದಕ್ಕೂ ಹೊಡೆತ ಅಂದೆವು. ಅದರ ಕೆಳಗೆ 'ಥಂಪ್'. ಮತ್ತೆ ಎಲ್ಲರೂ ಕೂಡಿ ಹೊಡೆತ ಅಂತ ಒದರಿದೆವು. ಟೀಚರು ಪುಸ್ತಕ ಮುಚ್ಚಿಬಿಟ್ಟರು.

"ನಿಮ್ಮವ್ವ ರೊಟ್ಟಿ ಬಡೀತಾಳ. ನಿಮ್ಮಪ್ಪ ಎತ್ತು ಹೊಡೀತಾನ. ಆಡು ಹಾಯತೈತಿ, ಕತ್ತೆ ಒದಿತೈತಿ. ಎಲ್ಲಾ ಒಂದ ಏನು? ನಿಮ್ಮ ಬಾಯಾಗ ಇಷ್ಟು ಮಾತು ಇಟಗೊಂಡು, ಸಾಲಿಗೆ ಬಂದ ಕೂಡ್ಲೆ ಒಂದ ಮಾತು ಹಿಡಕೊಂಡು ಕುಂತೀರಲ್ಲ!"

ಆಮೇಲೆ ಪ್ರತಿ ಶನಿವಾರ ಅದೊಂದು ಪದ್ಧತಿಯಾಯಿತು. ಒಬ್ಬೊಬ್ಬರು ಮನೆಯಿಂದ ಏಟಿನ ಒಂದು ಮಾತು ತರಬೇಕು. ಕುರುಬರ ಹುಡುಗ ಟಗರು ಗುಮ್ಮುವುದನ್ನು ತಂದ. ಯಾರೋ ತಲೆ ಮೇಲೆ ಮೊಟಕುವುದನ್ನು ತಂದರು. ನಾನು ಡುಬ್ಬಕ್ಕೆ ಗುದ್ದುವುದನ್ನು ತಂದೆ. ಟೀಚರು ಅದನ್ನು ಕೇಳಿ, ಅದಕ್ಕೆ ಸರಿಹೊಂದುವ ಇಂಗ್ಲಿಷ್ ಶಬ್ದ ಕೊಡುತ್ತಿದ್ದರು. ಬೆನ್ನಿಗೆ ದಬ್ಬನೆ ಗುದ್ದಿದರೆ ಥಂಪ್. ಮುಷ್ಟಿ ಕಟ್ಟಿ ಹೊಡೆದರೆ ಪಂಚ್. ತಟ್ಟನೆ ತಿವಿದರೆ ಜ್ಯಾಬ್. ತಲೆಯ ಬದಿಗೆ ಸಣ್ಣಗೆ ಕೊಟ್ಟರೆ ಕಫ್. ಎರಡೂ ಕೈಯಿಂದ ದಬ್ಬಿದರೆ ಶವ್. ಬರೀ ಹೇಳಿ ಬಿಡುತ್ತಿರಲಿಲ್ಲ. ಕೈಗೆ ಬೋರ್ಡಿನ ಮೇಲೆ ಬರೆಯುವ ಖಡುವಿನ ಪುಡಿ ಬಳಿದುಕೊಂಡು ಕ್ಲಾಸಿನ ನೀಲಿ ಬಾಗಿಲಿಗೆ ಹೊಡೆದು ತೋರಿಸುತ್ತಿದ್ದರು. ಅಂಗೈ ಬಿಚ್ಚಿ ಹೊಡೆದರೆ ಬಾಗಿಲ ಮೇಲೆ ಐದು ಬೆರಳು ಮೂಡುತ್ತಿದ್ದವು. ಮುಷ್ಟಿಯಿಂದ ಹೊಡೆದರೆ ಸಾಲಾಗಿ ನಾಲ್ಕು ಬೊಟ್ಟು, ಅಷ್ಟೇ.

"ಮೊದಲ ಕೇಳಬೇಕಾದ್ದು ಒಂದ ಪ್ರಶ್ನೆ," ಅನ್ನುತ್ತಿದ್ದರು. "ಕೈ ಮುಚ್ಚಿತ್ತೋ, ತೆರೆದಿತ್ತೋ? ಅದು ಗೊತ್ತಾದ್ರ ಅರ್ಧ ಶಬ್ದ ಸಿಕ್ಕಂಗ."

ಬೋರ್ಡಿನ ನಡುವೆ ಗೆರೆ ಎಳೆಯುತ್ತಿದ್ದರು. ಎಡಕ್ಕೆ ಕೈ ಇರುವ ಏಟು, ಬಲಕ್ಕೆ ಕೈ ಇಲ್ಲದ ಏಟು. ಬಲಗಡೆಯವು ನಮಗೆ ಮೊದಲು ತಿಳಿಯುತ್ತಲೇ ಇರಲಿಲ್ಲ. ಸಾವಿನ ಸುದ್ದಿ ಬಂದರೆ ಅದೂ ಬ್ಲೋ. ಮಂದಿಯೆದುರು ಮಾನ ತೆಗೆದರೆ ಅದೂ ಸ್ಲ್ಯಾಪ್. ತಿರುಗಿ ಮಾತಾಡಲು ಆಗದಂಥ ಜಾಗ ನೋಡಿ ಚುಚ್ಚಿದರೆ ಅದು ಬಿಲೋ ದಿ ಬೆಲ್ಟ್. ಮುಷ್ಟಿಕಾಳಗದಲ್ಲೂ ಸೊಂಟದ ಪಟ್ಟಿಯ ಕೆಳಗೆ ಹೊಡೆಯುವಂತಿಲ್ಲ, ಸಂಸಾರದಲ್ಲಿ ಮಾತ್ರ ಹೊಡೆಯಬಹುದು ಅಂತ ಹೇಳಿ ತಾವೇ ನಕ್ಕಿದ್ದರು. ನಾವು ನಗಲಿಲ್ಲ. ನಮಗೆ ಗೊತ್ತಾಗಲಿಲ್ಲ.

ಆ ವರ್ಷ ಪಂಚಮಿಗೆ ನಮ್ಮ ಅಕ್ಕ ಬಂದಳು. ಅವಳನ್ನು ಹತ್ತರಗಿ ಹತ್ತಿರದ ಒಂದು ಊರಿಗೆ ಕೊಟ್ಟಿತ್ತು. ಮದುವೆಯಾಗಿ ಎರಡು ವರ್ಷ. ಪಂಚಮಿ ಅಂದರೆ ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಜೀಕಬೇಕು. ಅಕ್ಕ ಜೋಕಾಲಿ ಹತ್ತಿದರೆ ಮೇಲಿನ ಟೊಂಗೆಯ ಎಲೆ ಬಾಯಲ್ಲಿ ಕಚ್ಚಿಕೊಂಡು ಬರುವಾಕೆ. ಆ ಸಲ ಹತ್ತಲೇ ಇಲ್ಲ. ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು.

"ಬಚ್ಚಲದಾಗ ಜಾರಿ ಬಿದ್ದೆ," ಅಂದಳು.

ಅವ್ವ ಒಂದು ಮಾತೂ ಕೇಳದೆ ಅರಿಶಿಣ ಸುಣ್ಣ ಕಾಯಿಸಿದಳು. ಕುಪ್ಪಸ ಸರಿಸಿ ನಾನು ಹಚ್ಚಲು ಹೋದೆ. ಬೆನ್ನಿನ ಮೇಲೆ ಸಾಲಾಗಿ ನಾಲ್ಕು ನೀಲಿ ಬೊಟ್ಟು. ನಮ್ಮ ಕ್ಲಾಸಿನ ಬಾಗಿಲೇ ಕಣ್ಣೆದುರು ಬಂತು. ಕೈ ಮುಚ್ಚಿತ್ತು... ನನ್ನ ಬೆರಳು ಅಲ್ಲೇ ನಿಂತುಬಿಟ್ಟವು. ಅಕ್ಕ ತಿರುಗಿ ನೋಡಿದಳು. ನನಗೆ ಗೊತ್ತಾಯಿತು ಅಂತ ಅವಳಿಗೂ ಗೊತ್ತಾಯಿತು.

ಆ ಶನಿವಾರ ಪಂಚ್ ಅನ್ನುವ ಶಬ್ದಕ್ಕೆ ವಾಕ್ಯ ಮಾಡಬೇಕಿತ್ತು. ಎಲ್ಲರೂ ರಾಮ ರವಿಗೆ ಹೊಡೆದ ಅಂತ ಬರೆದರು. ಪಾಪ, ನಮ್ಮ ಇಂಗ್ಲಿಷಿನಲ್ಲಿ ರವಿ ತಿಂದಷ್ಟು ಏಟು ಯಾರೂ ತಿಂದಿಲ್ಲ! ನಾನು ಮಾತ್ರ ಮೈ ಸಿಸ್ಟರ್ ಅಂತ ಶುರು ಮಾಡಿ, 'ಬಿದ್ದಳು' ಅಂತ ಮುಗಿಸಿದೆ. ಟೀಚರು ನೋಡಿದರು. ಸಾಲಿ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಬಲಗಿವಿ ಮುಂದೆ ಮಾಡಿದರು.

"ಬೀಳೂದಕ್ಕ ಪಂಚ್ ಯಾಕ ಬೇಕಾತು? ಬರಿಯೋ ಮುಂದ ಕೈ ಹಿಂದಕ್ಕ ಎಳಕೋಬ್ಯಾಡ. ಖರೆ ಏನೈತಿ ಅದನ್ನ ಬರಿ."

ಅಳುತ್ತ ಎಲ್ಲ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಒಂದು ಹೊಸ ನೋಟಬುಕ್ ಕೊಟ್ಟರು. "ನಿಮ್ಮ ಅಕ್ಕನ್ನ ಕೇಳು. ಆಕಿ ಹೇಳಿದ್ರ ಅಷ್ಟ ಬರಿ. ಒಂದ ಏಟಿಗೆ ಒಂದ ವಾಕ್ಯ. ಎರಡು ಏಟು ಒಂದ ವಾಕ್ಯದಾಗ ಹಾಕಬ್ಯಾಡ," ಅಂದರು. ಇಂಗ್ಲಿಷಿನಲ್ಲಿ ಬರೆಯಲೋ ಅಂತ ಕೇಳಿದೆ. ನಿಮ್ಮ ಮನೆಯಲ್ಲಿ ಇಂಗ್ಲಿಷ್ ಯಾರಿಗೆ ಬರುತ್ತದೆ ಅಂತ ತಿರುಗಿ ಕೇಳಿದರು. ಯಾರಿಗೂ ಇಲ್ಲ ಅಂದೆ. "ಹಂಗಾದ್ರ ಧೈರ್ಯದಿಂದ ಬರಿ," ಅಂದರು.

ಹಿತ್ತಲಲ್ಲಿ ಕಣಿಕೆ ಬಣವೆಯ ಹಿಂದೆ ಅಕ್ಕನನ್ನು ಕೂರಿಸಿಕೊಂಡು ಕೇಳಿದೆ. ಮೊದಲ ದಿನ ಬೈದಳು. ಎರಡನೇ ದಿನ ಎದ್ದು ಹೋದಳು. ಮೂರನೇ ದಿನ, "ಕೈ ಮುಚ್ಚಿತ್ತೋ, ತೆರೆದಿತ್ತೋ, ಅಷ್ಟ ಹೇಳು ಸಾಕು," ಅಂದೆ. ನನ್ನ ಮುಖವನ್ನೇ ನೋಡಿದಳು. ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಸಂಸಾರ ಹೇಗಿದೆ ಅಂತ ಕೇಳಿದ್ದರು, ಹೊಂದಿಕೊಂಡು ಹೋಗವಾ ಅಂದಿದ್ದರು. ಕೈ ಹೇಗಿತ್ತು ಅಂತ ಯಾರು ಕೇಳುತ್ತಾರೆ? ಒಂದೊಂದಾಗಿ ಹೇಳತೊಡಗಿದಳು. ಸಾರಿಗೆ ಉಪ್ಪು ಹೆಚ್ಚಾದ ದಿನದ್ದು. ಮನೆಯ ಇನ್ನೊಬ್ಬ ಸೊಸೆ, ನೆಗೆಣ್ಣಿಯ ಜೊತೆ ನಕ್ಕ ದಿನದ್ದು. ಏನೂ ಆಗದ ದಿನದ್ದು... ನಾನು ಅಳುತ್ತಲೇ ಬರೆದೆ, ಅವಳು ಅಳಲಿಲ್ಲ. ಮೂರು ಪುಟ ತುಂಬಿದವು.

ಹಬ್ಬ ಮುಗಿದು ಎರಡು ವಾರ ಕಳೆದರೂ ಅಕ್ಕ ಹೊರಡುವ ಮಾತೆತ್ತಲಿಲ್ಲ. ಒಂದು ಆದಿತ್ಯವಾರ ಅವಳ ಗಂಡ, ಮಾವ, ಜೊತೆಗೆ ಇಬ್ಬರು ಹಿರಿಯರು ಕರೆದೊಯ್ಯಲು ಬರುತ್ತಾರೆ ಅಂತ ಹೇಳಿ ಕಳಿಸಿದರು. ಹಿರಿಯರು ಕೂತು ತೀರ್ಮಾನ ಮಾಡಿದರೆ ಮುಗಿಯಿತು, ಹೆಣ್ಣು ಹೋಗಲೇಬೇಕು. ನಾನು ಟೀಚರಿಗೆ ಹೇಳಿದೆ. ನಮ್ಮ ಮಾತು ಹೆಡ್ ಮಾಸ್ತರರ ಕಿವಿಗೂ ಬಿತ್ತು. ಮಂದಿ ಮನೆ ಉಸಾಬರಿ ನಿಮಗೆ ಯಾಕ್ರಿ ಅಂತ ಅವರು ಟೀಚರಿಗೆ ಬೈದದ್ದು ಹೊರಗೆ ಕೇಳಿಸಿತು. ಟೀಚರ ಉತ್ತರ ಕೇಳಿಸಲಿಲ್ಲ.

ಆದಿತ್ಯವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಮ್ಮ ಕಡೆಯಿಂದಲೂ ಊರಿನ ಒಬ್ಬ ಅಜ್ಜನನ್ನು, ಒಂದಿಬ್ಬರು ಹಿರಿಯರನ್ನು ಅಪ್ಪ ಕರೆಸಿದ್ದ. ಬಂದವರು ಚಹಾ ಕುಡಿದರು, ಮಳೆಯ ಮಾತಾಡಿದರು, ಕಬ್ಬಿನ ಮಾತಾಡಿದರು. ಅಕ್ಕ ಒಳಗೆ ಒಲೆಯ ಮುಂದೆ ಕೂತಿದ್ದಳು. ಅವಳ ಟ್ರಂಕನ್ನು ಅವ್ವ ಆಗಲೇ ತುಂಬಿ ಬಾಗಿಲ ಪಕ್ಕ ಇಟ್ಟಿದ್ದಳು. ಅಷ್ಟರಲ್ಲಿ ಟೀಚರು ಬಂದರು. ಅದೇ ಛತ್ರಿ. ಅಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ, "ಒಳಗ ಬರ್ರಿ, ಹೆಣ್ಣುಮಕ್ಕಳು ಒಳಗದಾರ" ಅಂದ. ಟೀಚರು ಇಲ್ಲೇ ಆರಾಮ ಅಂತ ಜಮಖಾನೆಯ ತುದಿಗೆ ಕೂತರು.

ಅಕ್ಕನ ಮಾವ ಮಾತು ತೆಗೆದ. "ಗಂಡಾ ಹೇಂತಿ ಅಂದಮ್ಯಾಲ ಒಂದ್ ಮಾತು ಬರತೈತಿ, ಒಂದ್ ಮಾತು ಹೋಗತೈತಿ. ಸಿಟ್ಟಿನ್ಯಾಗ ಹುಡುಗ ಒಂದ್ ಏಟು ಹಾಕ್ಯಾನ. ಇಲ್ಲ ಅನ್ನೂದಿಲ್ಲ."

"ಒಂದ್ ಏಟಿಗೆ ಯಾರರ ಸಂಸಾರ ಬಿಡ್ತಾರೇನು," ಅಂದರು ಅವರ ಕಡೆಯ ಹಿರಿಯರು. ನಮ್ಮ ಕಡೆಯವರೂ ತಲೆಯಾಡಿಸಿದರು. ಅಪ್ಪನೂ ಆಡಿಸಿದ. ಎರಡು ವರ್ಷದ್ದೆಲ್ಲ ಒಂದು ಏಟಾಗಿಬಿಟ್ಟಿತು, ನೋಡ್ರಿ.

ಆಗ ಟೀಚರು ಹೊತ್ತಿಲ್ಲದ ಹೊತ್ತಿನಲ್ಲಿ, ಈ ಹುಡುಗಿಯ ಇಂಗ್ಲಿಷ್ ಛಲೋ ಇದೆ, ಹಿರಿಯರೆಲ್ಲ ಕೂತಿದ್ದೀರಿ, ಒಂದು ಐದು ನಿಮಿಷ ಓದಿಸಲೇ ಅಂದರು. ನಮ್ಮ ಮಂದಿಗೆ ಇಂಗ್ಲಿಷ್ ಅಂದರೆ ಮೊದಲೇ ಹುಚ್ಚು. ಬೀಗರ ಎದುರು ಮನೆಯ ಹುಡುಗಿ ಇಂಗ್ಲಿಷ್ ಓದುತ್ತಾಳೆ ಅಂದರೆ ಬಿಡುತ್ತಾರೆಯೇ? "ಓದಲಿ ಓದಲಿ, ಕೇಳೂಣು," ಅಂದರು ನಮ್ಮ ಕಡೆಯ ಹಿರಿಯ ಅಜ್ಜ. ಅಪ್ಪನ ಮುಖ ಅರಳಿತು. ನೋಟಬುಕ್ ಹಿಡಿದುಕೊಂಡು ನಡುವೆ ನಿಂತೆ.

"ಹೀ ಪಂಚ್ಡ್ ಮೈ ಸಿಸ್ಟರ್ ಆನ್ ದ ಬ್ಯಾಕ್. ಹಿಸ್ ಹ್ಯಾಂಡ್ ವಾಸ್ ಕ್ಲೋಸ್ಡ್..."

"ಭೇಷ್!" ಅಂದರು ಹಿರಿಯರು. ಎರಡನೇ ವಾಕ್ಯಕ್ಕೂ ಭೇಷ್. ಮೂರನೆಯದಕ್ಕೆ ಮಾವನೂ ನಕ್ಕು ತಲೆಯಾಡಿಸಿದ. ಅಕ್ಕನ ಗಂಡ ಹತ್ತನೇ ಇಯತ್ತೆ ಕಲಿತವನು. ಅವನ ಮುಖ ಮಾತ್ರ ಮೆಲ್ಲಗೆ ಕೆಳಗಾಗುತ್ತ ಹೋಯಿತು. ಮೂರು ಪುಟ ಓದಿ ಮುಗಿಸಿದೆ. ಅಜ್ಜನಿಗೆ ಖುಷಿಯೋ ಖುಷಿ. "ಪಟಪಟ ಅಂತೈತಿ ಹುಡುಗಿ! ಈಗ ಅದರ ಅರ್ಥ ಹೇಳ ನೋಡೂಣು ಮಗಳ," ಅಂದರು.

ಅರ್ಥ ಹೇಳಿದೆ.

ಒಂದೊಂದೇ ಹೇಳಿದೆ. ಬೆನ್ನಿಗೆ ಗುದ್ದಿದ, ಕೈ ಮುಚ್ಚಿತ್ತು. ಕಪಾಳಕ್ಕೆ ಬಾರಿಸಿದ, ಕೈ ತೆರೆದಿತ್ತು. ಹೊಸ್ತಿಲಲ್ಲಿ ದಬ್ಬಿದ, ಎರಡೂ ಕೈ. ಕೊನೆಯ ಪುಟದಲ್ಲಿ ಕೈ ಇಲ್ಲದ ಏಟುಗಳಿದ್ದವು. ಅದನ್ನೂ ಓದಿದೆ. "ನಿಮ್ಮಪ್ಪ ನಿನ್ನ ಕೊಟ್ಟು ಕೈ ತೊಳಕೊಂಡಾನ, ನೀ ಸತ್ರೂ ಬರಂಗಿಲ್ಲ, ಅಂತ ಅಂದಾನ. ಇದು ಸೊಂಟದ ಕೆಳಗಿಂದು." ಅಪ್ಪ ತಲೆ ತಗ್ಗಿಸಿ ತನ್ನ ಎರಡೂ ಅಂಗೈ ನೋಡಿಕೊಂಡ.

"ಇದೇನು ಸಾಲಿ ಪಾಠ ಏನ್ರಿ ಟೀಚರ?" ಮಾವ ಚೀರಿದ.

"ಹೌದ್ರಿ," ಅಂದರು ಟೀಚರು.

ಟೀಚರ ಎಡಕ್ಕೆ ಕೂತಿದ್ದ ಗಂಡಿನ ಕಡೆಯ ಹಿರಿಯರು ಮೆತ್ತಗೆ ಏನೋ ಹೇಳಿದರು. ಟೀಚರು ಅತ್ತ ತಿರುಗಲೇ ಇಲ್ಲ. ಹಿರಿಯರು ದನಿ ಏರಿಸಿ ಮತ್ತೆ ಹೇಳಿದರು, "ಕಪಾಳಕ್ಕ ಒಂದ್ ಕೊಟ್ರ ಏನಾಗತೈತಿ ಅಂತೀನಿ!"

ಟೀಚರು ಎಡಗಿವಿಯ ಮೇಲಿನ ಕೂದಲು ಸರಿಸಿದರು. "ಈ ಬಾಜೂಕ ಬಂದು ಹೇಳ್ರಿ ಕಾಕಾ. ಆ ಕಿವಿ ನನಗ ಕೇಳಂಗಿಲ್ಲ. ಒಂದ ಏಟು. ಕೈ ತೆರೆದಿತ್ತು."

ಅವರು ಅದನ್ನು ಹೇಳಿದ ರೀತಿ, ಬಸ್ಸು ಎಷ್ಟು ಗಂಟೆಗೆ ಅಂತ ಹೇಳಿದ ಹಾಗಿತ್ತು. ಇಷ್ಟು ದಿನ ನಕಲು ಮಾಡಿ ನಕ್ಕ ಆ ಕತ್ತು...

ನಮ್ಮ ಕಡೆಯ ಅಜ್ಜ ಅಕ್ಕನ ಗಂಡನನ್ನು ನೋಡಿ, ಇದೆಲ್ಲ ಖರೆ ಏನಪಾ ಅಂತ ಕೇಳಿದರು. ಅವನು ನೆಲ ನೋಡುತ್ತ, "ಒಂದ್ ಏಟು..." ಅಂದ.

ನನಗೆ ಎಲ್ಲಿಂದ ಬಂತೋ ಸಿಟ್ಟು! ಹದಿನೈದು ವರ್ಷದ ಹುಡುಗಿ, ಗಂಡಸರ ನಡುವೆ ನಿಂತುಕೊಂಡು ಕೇಳಿದೆ. "ಯಾವ ಏಟು? ಇದರಾಗ ತೋರಸ್ರಿ. ಕೈ ಮುಚ್ಚಿತ್ತೋ, ತೆರೆದಿತ್ತೋ?"

ಉತ್ತರ ಕೊಟ್ಟದ್ದು ಅಕ್ಕ. ಒಲೆಯ ಮುಂದಿನಿಂದ ಎದ್ದು ಬಂದು, ಬಾಗಿಲ ಪಕ್ಕದ ಟ್ರಂಕನ್ನು ತಾನೇ ಎತ್ತಿಕೊಂಡಳು. ಎಲ್ಲರೂ ಹೊರಟಳು ಅಂದುಕೊಂಡರು. ಅವಳು ಅದನ್ನು ಒಳಗೆ ಒಯ್ದು ಮೂಲೆಯಲ್ಲಿಟ್ಟು ಬಂದಳು. "ನಾ ಹೋಗಂಗಿಲ್ಲ," ಅಂದಳು.

ಮಾವ ಅಪ್ಪನ ಮುಖ ನೋಡಿದ. ಅಪ್ಪ, "ನಾ ಕೈ ತೊಳಕೊಂಡಿಲ್ಲರಿ ಬೀಗರ," ಅಂದ. ಅಷ್ಟೇ ಅಂದ. ಬಂದವರು ಊಟ ಮಾಡದೆ ಎದ್ದು ಹೋದರು.

ಅದಕ್ಕೆ ಬೆಲೆ ತೆತ್ತವರು ಟೀಚರು. ಮಕ್ಕಳಿಗೆ ಮನೆ ಒಡೆಯುವ ಪಾಠ ಹೇಳುತ್ತಾರೆ ಅಂತ ಯಾರೋ ಮೇಲಿನವರಿಗೆ ಅರ್ಜಿ ಕೊಟ್ಟರು. ದಸರಾ ಸೂಟಿ ಮುಗಿಸಿ ಬಂದಾಗ ಅವರಿಗೆ ದೂರದ ಊರಿಗೆ ವರ್ಗವಾಗಿತ್ತು. ಕ್ಲಾಸಿನ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದರು. ಬಸ್ ಸ್ಟ್ಯಾಂಡಿನ ತನಕ ಅವರ ಡಬ್ಬಿ ಹಿಡಿದುಕೊಂಡು ಹೋದೆ. ಇದು ನಮ್ಮಿಂದ ಆಯಿತು ಅಂತ ಅತ್ತೆ.

"ಇದೂ ಒಂದ್ ಬ್ಲೋ," ಅಂದರು. "ಬಲಗಡೆ ಸಾಲಿನ್ಯಾಗ ಬರಕೋ. ಬರದು ಮುಂದಿನ ಪುಟ ತಗಿ." ಬಸ್ಸು ಬಂತು. ಕಿಟಕಿಯಿಂದ ಬಲಗಿವಿ ಮುಂದೆ ಮಾಡಿ ನನ್ನ ಮಾತು ಕೇಳಲು ನೋಡಿದರು. ನಾನು ಡಬ್ಬಿ ಒಳಗೆ ಕೊಟ್ಟೆ, ಅಷ್ಟೇ.

ಅಕ್ಕ ಈಗ ಸಂಕೇಶ್ವರದಲ್ಲಿ ಖಾನಾವಳಿ ನಡೆಸುತ್ತಾಳೆ. ದಿನ ಬೆಳಗಾದರೆ ರೊಟ್ಟಿ ಬಡಿಯುವ ಸಪ್ಪಳ ರಸ್ತೆಯ ತನಕ ಕೇಳುತ್ತದೆ. ಹೆಂಡತಿಗೆ ಹೊಡೆಯುವವನು ಅಂತ ಗೊತ್ತಾದರೆ ಎಂಥ ಗಿರಾಕಿ ಆದರೂ ತಾಟು ಹಾಕುವುದಿಲ್ಲ. ಎದ್ದು ಹೋಗಪ್ಪಾ ಅನ್ನುತ್ತಾಳೆ. ವ್ಯಾಪಾರಕ್ಕೆ ಇದು ಛಲೋ ಅಲ್ಲ ಅಂತ ಯಾರೋ ಬುದ್ಧಿ ಹೇಳಿದ್ದಕ್ಕೆ ಅವರನ್ನೂ ಎಬ್ಬಿಸಿದಳಂತೆ.

ಹೋದ ವರ್ಷ ನಮ್ಮ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಟೀಚರ ಫೋಟೋ ಬಂತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅವರು ತೀರಿಕೊಂಡು ಆಗಲೇ ಎರಡು ವಾರವಾಗಿತ್ತು. ನಾನು ಡ್ಯೂಟಿಯಲ್ಲಿದ್ದೆ, ಕೂತಲ್ಲೇ ಅತ್ತೆ. ಸತ್ತರಲ್ಲ ಅಂತ ಅಷ್ಟೇ ಅತ್ತದ್ದಲ್ಲ. ಅವರ ಕಿವಿಗೆ ಹೊಡೆದವರು ಯಾರು? ಗಂಡನೇ, ಅಪ್ಪನೇ, ಮಾಸ್ತರನೇ? ಆವತ್ತು ಅವರ ಪಕ್ಕದಲ್ಲಿ ಯಾರಿದ್ದರು? ನಾನು ಕೇಳಲೇ ಇಲ್ಲ. ಊರಿಗೆಲ್ಲ ಕೇಳುವುದನ್ನು ಕಲಿಸಿದವರನ್ನು ನಾನು ಒಂದು ದಿನವೂ ಕೇಳಲಿಲ್ಲ... ಆ ಒಂದು ವಾಕ್ಯ ಯಾವ ನೋಟಬುಕ್ಕಿನಲ್ಲೂ ಇಲ್ಲ. ಅವರ ಜೊತೆಗೇ ಹೋಯಿತು. ಇದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳುವುದಿಲ್ಲ.

ಬೆಂಚಿನ ಮೇಲಿನ ಹೆಣ್ಣುಮಗಳು ಇನ್ನೂ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ಬಾಗಿಲ ಹೊರಗೆ ಒಬ್ಬ ಗಂಡಸು ಮೊಬೈಲು ನೋಡುತ್ತ ನಿಂತಿದ್ದ. "ಲಗೂನ ಬರಕೋರಿ ಸಿಸ್ಟರ್, ಬಚ್ಚಲದಾಗ ಬಿದ್ದಾಳ ಅಂತ ಹೇಳಿದಳಲ್ಲ," ಅಂದ. ನಾನು ಎದ್ದು ಹೋಗಿ ಅವನ ಮುಖದ ಮೇಲೆಯೇ ಬಾಗಿಲು ಹಾಕಿ, ಚಿಲಕ ಏರಿಸಿ ಬಂದೆ. ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು ಸೆರಗು ಸರಿಸಿ ನೋಡಿದೆ. ಅರಿಶಿಣದ ಕೆಳಗೆ ಏನಿರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು.

"ಕೈ ಮುಚ್ಚಿತ್ತೋ, ತೆರೆದಿತ್ತೋ?" ಅಂತ ಕೇಳಿದೆ.

ಅವಳು ಬಾಗಿಲು ನೋಡಿದಳು. ನನ್ನನ್ನು ನೋಡಿದಳು.

"ಮುಚ್ಚಿತ್ರಿ," ಅಂದಳು.

ಬಚ್ಚಲು ಅಂತ ಬರೆದದ್ದು ಒಂದಕ್ಷರವೂ ಇರಲಿಲ್ಲ, ಕಾಟು ಹಾಕಿ ಅಳಿಸುವುದೇನೂ ಬೇಕಾಗಲಿಲ್ಲ. ಹೊಸ ಹಾಳೆ ತೆಗೆದೆ. "ಮೊದಲನೇದರಿಂದ ಹೇಳವಾ," ಅಂದೆ. "ಒಂದೊಂದ ಏಟು. ನನಗೇನೂ ಅವಸರ ಇಲ್ಲ."